ಬಾಡಿಗೆ ತಿಂಗಳಿಗೆ, ಗಳಿಕೆ ಸುಗ್ಗಿಗೆ

ದಾವಣಗೆರೆ ಜಿಲ್ಲೆಯ ಚನ್ನಗಿರಿಯ ವಠಾರಗಳಲ್ಲಿ ದೀಪಾವಳಿಯ ಆಸುಪಾಸಿಗೆ ಬಾಡಿಗೆ ಬಾಕಿಯ ಜಗಳ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಅಡಿಕೆ ಕೊಯ್ಲು ನಡೆದಿರುತ್ತದೆ. ಕೊನೆ ಇಳಿಸುವವರಿಗೆ, ಸುಲಿಯುವವರಿಗೆ, ಬೇಯಿಸುವ ಒಲೆಯ ಮುಂದೆ ನಿಲ್ಲುವವರಿಗೆ, ಚೀಲ ಹೊರುವವರಿಗೆ ಪುರುಸೊತ್ತಿರುವುದಿಲ್ಲ. ವಾರಕ್ಕೊಮ್ಮೆ ಬಟವಾಡೆ ಆಗುತ್ತದೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಅದೇ ಮನೆಗಳಿಗೆ ಹೋಳಿ ಹುಣ್ಣಿಮೆ ಕಳೆದ ಮೇಲೆ ಹೋಗಿ ನೋಡಬೇಕು. ತೋಟದ ಫಸಲನ್ನು ಖೇಣಿ ಹಿಡಿದವನ ಶೆಡ್ಡು ಖಾಲಿ, ಬೇಯಿಸುವ ಹಂಡೆ ಬೋರಲು. ಸುಲಿದು ಸುಲಿದು ಕಪ್ಪಾಗಿದ್ದ ಹೆಂಗಸರ ಬೆರಳ ತುದಿ ತಿಳಿಯಾಗತೊಡಗಿರುತ್ತದೆ. ಮನೆ ಮಾಲೀಕ ಮಾತ್ರ ಎಂದಿನಂತೆ ಐದನೇ ತಾರೀಖಿಗೆ ಬಾಗಿಲ ಮುಂದೆ ನಿಲ್ಲುತ್ತಾನೆ.

ಬಾಡಿಗೆ ಕಟ್ಟಲಾಗದವರ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಮಾತುಗಳಿವೆ. ದುಡಿಯಲು ಸೋಮಾರಿತನ ಅನ್ನುವುದು ಒಂದು, ದುಡಿದದ್ದನ್ನು ಕುಡಿದು ಕಳೆಯುತ್ತಾರೆ ಅನ್ನುವುದು ಇನ್ನೊಂದು. ಎರಡೂ ಅಲ್ಲಲ್ಲಿ ನಿಜವಿರಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಬಾಕಿ ಬೀಳುವುದಕ್ಕೆ ಇವುಗಳಿಗಿಂತ ದೊಡ್ಡ ಕಾರಣ ಬೇರೆ ಇದೆ. ಇಲ್ಲಿ ಗಳಿಕೆ ಬರುವುದು ಸುಗ್ಗಿಗೆ, ಬಾಡಿಗೆ ಕೇಳುವುದು ತಿಂಗಳಿಗೆ. ವರ್ಷದ ಒಟ್ಟು ಲೆಕ್ಕ ಹಾಕಿದರೆ ಬಾಡಿಗೆ ತೀರಿಸುವಷ್ಟು ದುಡಿಮೆ ಆಗಿಯೇ ಇರುತ್ತದೆ. ತಿಂಗಳ ಲೆಕ್ಕ ತೆಗೆದರೆ ಮಾತ್ರ ನಾಲ್ಕೈದು ತಿಂಗಳು ಮುಗ್ಗರಿಸುತ್ತದೆ. ಈ ವ್ಯತ್ಯಾಸವನ್ನು ಒಪ್ಪಿಕೊಂಡು ಬಾಡಿಗೆಯ ಕರಾರನ್ನೇ ಸುಗ್ಗಿಗೆ ಹೊಂದಿಸಿ ಬರೆದುಕೊಳ್ಳಬೇಕು, ಬಾಕಿಯನ್ನು ಸಾಲವಾಗಿ ಮಾಡಿಕೊಳ್ಳಬಾರದು ಅನ್ನುವುದು ನನ್ನ ವಾದ.

ಬೆಂಗಳೂರಿನಲ್ಲಿ ಬಾಡಿಗೆ ಕಷ್ಟವೆಂದರೆ ಸಂಬಳದ ಅರ್ಧ ಬಾಡಿಗೆಗೆ ಹೋಗುವ ಕಷ್ಟ. ಅಲ್ಲಿ ಸಂಬಳವಾದರೂ ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ಕಡೆ ಅಂಥವರು ನೌಕರರು ಮಾತ್ರ. ಊರು ಆಡಳಿತ ಕೇಂದ್ರವಾದಂತೆ ಅವರ ಸಂಖ್ಯೆ ಬೆಳೆಯುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೆ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗಿದ್ದು 2018ರಲ್ಲಿ. ತಾಲ್ಲೂಕು ಕೇಂದ್ರವಾಯಿತೆಂದರೆ ಊರಿಗೆ ಕಚೇರಿಗಳು ಬರುತ್ತವೆ, ಕಚೇರಿಗಳ ಜೊತೆ ನೌಕರರು ಬರುತ್ತಾರೆ, ಅವರ ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಅನ್ನುವ ಸಾಲೊಂದು ಇರುತ್ತದೆ. ಭತ್ಯೆ ಇರುವವನೂ ಹಮಾಲಿ ಕೆಲಸದವನೂ ಒಂದೇ ಬೀದಿಯ ಎರಡು ಕೋಣೆಯ ಮನೆಗೆ ಹೋದರೆ ಮನೆ ಯಾರಿಗೆ ಸಿಗುತ್ತದೆ, ಬಾಡಿಗೆ ಯಾವ ಮಟ್ಟಕ್ಕೆ ನಿಲ್ಲುತ್ತದೆ ಎನ್ನುವುದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ. ತಾಲ್ಲೂಕಿಗಾಗಿ ಹೋರಾಡಿದ ಊರೇ ತಾಲ್ಲೂಕಾದ ಮೇಲೆ ಬಾಡಿಗೆಯ ಬಿಸಿ ಅನುಭವಿಸುವುದು ವಿಪರ್ಯಾಸವಾದರೂ ಸಹಜ.

ಬಾಡಿಗೆ ಮನೆಯಲ್ಲಿ ಇರುವವರು ಯಾರು ಅನ್ನುವುದನ್ನೂ ನೋಡಬೇಕು. ಹಳ್ಳಿಯಲ್ಲಿ ಸ್ವಂತ ಮನೆ ಬಿಟ್ಟು ಮಕ್ಕಳ ಶಾಲೆಗಾಗಿ ತಾಲ್ಲೂಕು ಕೇಂದ್ರದಲ್ಲಿ ಮನೆ ಹಿಡಿದವರಿದ್ದಾರೆ. ಗಾರೆ ಕೆಲಸದವರು, ಟೈಲರ್‌ಗಳು, ಬೀದಿ ಬದಿ ವ್ಯಾಪಾರದವರು, ಗಂಡ ಕಾಫಿ ಸೀಮೆಗೆ ಗುಳೆ ಹೋಗಿ ಹೆಂಡತಿ ಮಕ್ಕಳು ಇಲ್ಲೇ ಉಳಿದವರು ಇದ್ದಾರೆ. ಇವರೆಲ್ಲರ ಆದಾಯದ ಬಾಲ ಎಲ್ಲೋ ಒಂದು ಕಡೆ ಹೊಲಕ್ಕೋ ತೋಟಕ್ಕೋ ಕಟ್ಟಿಕೊಂಡಿದೆ. ಭದ್ರಾ ನಾಲೆಯಲ್ಲಿ ನೀರು ಬಂದರೆ ಹೊನ್ನಾಳಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನಿಗೂ ಸಂಬಳ ಸರಿಯಾಗಿ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಭದ್ರಾ ಜಲಾಶಯ ತುಂಬದ ಆ ವರ್ಷ ನಾಲೆಯ ನೀರಿಗಾಗಿ ರೈತರು ರಸ್ತೆಗಿಳಿದದ್ದು ಪತ್ರಿಕೆಗಳಲ್ಲಿ ಬಂತು. ಆ ನೀರು ಬಾರದ ಕಾರಣಕ್ಕೆ ಬಾಡಿಗೆ ಕಟ್ಟಲಾಗದೆ ಹೋದವರು ಎಷ್ಟು ಮಂದಿ ಅನ್ನುವುದು ಯಾವ ಬರ ಸಮೀಕ್ಷೆಯಲ್ಲೂ ಸೇರುವುದಿಲ್ಲ. ಬರ ಪರಿಹಾರಕ್ಕೆ ಬೆಳೆ ಒಣಗಿರಬೇಕು, ದನಕ್ಕೆ ಮೇವಿರಬಾರದು. ಬಾಡಿಗೆ ಮನೆಯ ಒಲೆ ಆ ಪಟ್ಟಿಯಲ್ಲಿಲ್ಲ.

ಕಟ್ಟಲಾಗದ ತಿಂಗಳು ಬಂದಾಗ ಜನ ಮೊದಲು ಮಾಡುವುದು ಸಾಲ. ತಪ್ಪು ಶುರುವಾಗುವುದು ಇಲ್ಲಿಂದ. ತಿಂಗಳಿಗೆ 3,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಮೂರು ತಿಂಗಳು ನಿಂತರೆ 9,000. ಮಾಲೀಕ ಬೈಯುತ್ತಾನೆ, ನಾಲ್ಕು ಜನರ ಎದುರು ಕೇಳುತ್ತಾನೆ, ಮಾನ ಹೋಯಿತು ಅನಿಸುತ್ತದೆ. ಆದರೆ ಆರು ತಿಂಗಳು ಬಿಟ್ಟು ಕೊಟ್ಟರೂ ಸಾಮಾನ್ಯವಾಗಿ ಅದು 9,000ವೇ. ಬಾಡಿಗೆ ಬಾಕಿ ನಮ್ಮ ಕಡೆಯ ಬಡವರಿಗೆ ಸಿಗುವ ಬಹುಶಃ ಏಕೈಕ ಬಡ್ಡಿಯಿಲ್ಲದ ಸಾಲ. ಆ ಮಾನ ಉಳಿಸಿಕೊಳ್ಳಲು ಹೋಗಿ ಮೈಕ್ರೋಫೈನಾನ್ಸಿನವರ ಹತ್ತಿರ ಸಾಲ ತೆಗೆದರೆ ವರ್ಷಕ್ಕೆ ಶೇ 20 ದಾಟುವ ಬಡ್ಡಿ, ವಾರಕ್ಕೋ ಹದಿನೈದು ದಿನಕ್ಕೋ ಕಂತು. ಊರಿನ ಕೈಸಾಲದವನ ಹತ್ತಿರ ಹೋದರೆ ತಿಂಗಳಿಗೆ ನೂರಕ್ಕೆ ಐದು, ಹತ್ತು. ವರ್ಷಕ್ಕೆ ಶೇ 60, ಶೇ 120 ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಐದರ ಬಡ್ಡಿ’ ಅನ್ನುತ್ತಾರೆ, ಕೇಳಲು ಸಣ್ಣದಾಗಿರುತ್ತದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಬಾಡಿಗೆ ಬಾಕಿಯಲ್ಲಿ ಇರುವವರು ಇಬ್ಬರೇ: ನೀವು, ಮಾಲೀಕ. ಗುಂಪು ಸಾಲದಲ್ಲಿ ನಿಮ್ಮ ಕಂತು ತಪ್ಪಿದರೆ ಉಳಿದ ಹೆಂಗಸರು ತುಂಬಬೇಕು. ಮಾಲೀಕನೊಬ್ಬನ ಎದುರು ತಲೆ ತಗ್ಗಿಸುವುದನ್ನು ತಪ್ಪಿಸಲು ಹೋಗಿ ಒಂದು ಓಣಿಯ ಹೆಂಗಸರೆಲ್ಲರ ಎದುರು ತಗ್ಗಿಸುವ ಪರಿಸ್ಥಿತಿ ಬರುತ್ತದೆ. ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಊರು ಬಿಟ್ಟವರು, ಜೀವ ಬಿಟ್ಟವರ ಸುದ್ದಿ ಸಾಲುಸಾಲಾಗಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯ ಕಾನೂನು. ಆದರೆ ಅದು ವಸೂಲಿ ಮಾಡುವ ರೀತಿಯನ್ನು ತಡೆಯುತ್ತದೆ, ಸಾಲ ಯಾಕೆ ತೆಗೆದರು ಎಂದು ಕೇಳುವುದಿಲ್ಲ. ಮನೆ ಬಾಡಿಗೆ, ಆಸ್ಪತ್ರೆ, ಶಾಲೆ ಫೀಸು. ಸಾಲದ ಮೂಲ ಹುಡುಕಿದರೆ ಬಹಳ ಕಡೆ ಈ ಮೂರರಲ್ಲಿ ಒಂದು ಸಿಗುತ್ತದೆ.

ಹಾಗಾದರೆ ಮಾಲೀಕ ಸುಮ್ಮನಿರುತ್ತಾನೆಯೇ, ಮನೆ ಖಾಲಿ ಮಾಡಿಸುವುದಿಲ್ಲವೇ? ಕಾನೂನು ಏನು ಹೇಳುತ್ತದೆ ಎಂದು ತಿಳಿದಿದ್ದರೆ ಅರ್ಧ ಭಯ ಕಳೆಯುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ ಅಂತ 1999ರದ್ದೊಂದಿದೆ, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದದ್ದು. ಅದರ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಇಲ್ಲ. ಕಾಲು ಶತಮಾನದ ಹಿಂದೆ ಬರೆದ ಈ 2,000ವನ್ನು ಯಾರೂ ತಿದ್ದಿಲ್ಲ. 2023ರಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಬರುವುದೂ 2,000ವೇ. ಒಬ್ಬ ಹೆಣ್ಣುಮಗಳಿಗೆ ಸರ್ಕಾರ ಕೊಡುವ ಸಹಾಯಧನದಲ್ಲಿ ಸಿಗದ ಮನೆ ಯಾವುದೋ ಅದನ್ನು ಅದೇ ಸರ್ಕಾರದ ಕಾಯ್ದೆ ‘ದುಬಾರಿ ಮನೆ, ರಕ್ಷಣೆ ಬೇಡ’ ಎಂದು ಹೊರಗಿಟ್ಟಿದೆ.

ಹಾಗೆಂದು ಹೊರಗಿರುವವರು ಅನಾಥರೇನಲ್ಲ. ಅವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ತಿಂಗಳ ಬಾಡಿಗೆಯ ಮನೆ ಬಿಡಿಸಬೇಕಾದರೆ ಮಾಲೀಕ ಕನಿಷ್ಠ 15 ದಿನಗಳ ನೋಟಿಸು ಕೊಡಬೇಕು. ನೋಟಿಸಿನ ಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು, ತಾನೇ ಬೀಗ ಹಾಕುವ ಹಾಗಿಲ್ಲ. ಬಾಡಿಗೆ ಕೊಡದ ಕಾರಣಕ್ಕೇ ಕರಾರು ಮುರಿದು ದಾವೆ ಹೂಡಿದ್ದರೂ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿದರೆ ಬಾಡಿಗೆದಾರನನ್ನು ಉಳಿಸುವ ಅಧಿಕಾರ ನ್ಯಾಯಾಲಯಕ್ಕೆ ಅದೇ ಕಾಯ್ದೆಯ 114ನೇ ಸೆಕ್ಷನ್ ಕೊಡುತ್ತದೆ. ಪಾತ್ರೆ ಪಡಗ ಹೊರಗೆ ಎಸೆದು ಬಾಗಿಲಿಗೆ ಬೀಗ ಜಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಮನೆ ಮರಳಿ ಪಡೆಯಬಹುದು. ಕಾಯಂ ಆಗಿ ನೆಲೆಸಿರುವವನನ್ನು, ಅವನಿಗೆ ಹಕ್ಕಿಲ್ಲದಿದ್ದರೂ, ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ವಕೀಲರ ಖರ್ಚಿಗೂ ಹೆದರಬೇಕಿಲ್ಲ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುವುದು ಇದಕ್ಕೇ.

ಕಾನೂನು ಕೊಡುವುದು ಕಾಲಾವಕಾಶ ಮಾತ್ರ. ಬಾಕಿಯನ್ನು ಅದು ಮನ್ನಾ ಮಾಡುವುದಿಲ್ಲ, ಮಾಡಲೂಬಾರದು. ಯಾಕೆಂದರೆ ನಮ್ಮ ಊರುಗಳ ಮನೆ ಮಾಲೀಕರು ಜಮೀನ್ದಾರರಲ್ಲ. ನಿವೃತ್ತಿಯ ದುಡ್ಡು ಹಾಕಿ ಮಹಡಿಯ ಮೇಲೆ ಎರಡು ಕೋಣೆ ಎಬ್ಬಿಸಿದ ಪ್ರೈಮರಿ ಮೇಷ್ಟ್ರು, ಗಂಡ ಬಿಟ್ಟುಹೋದ ಹಂಚಿನ ಮನೆಯ ಮುಂಗೋಣೆಯ ಬಾಡಿಗೆಯಲ್ಲೇ ಔಷಧಿ ತರಿಸುವ ಮುದುಕಿ, ಸಹಕಾರ ಸಂಘದ ಸಾಲದ ಕಂತನ್ನು ಬಾಡಿಗೆಯಿಂದಲೇ ಕಟ್ಟುವ ಕಿರಾಣಿ ಅಂಗಡಿಯವ. ಇವರಿಗೂ ಐದನೇ ತಾರೀಖು ಇದೆ. ಸಾಲ ಮಾಡಿ ಮನೆ ಕಟ್ಟಿದವನನ್ನು ಶೋಷಕನ ಸ್ಥಾನದಲ್ಲಿ ನಿಲ್ಲಿಸಿ ಮಾತಾಡುವವರು ಒಮ್ಮೆ ಅವನ ಪಾಸ್‌ಬುಕ್ ನೋಡಲಿ.

ಮಾಲೀಕನ ಲೆಕ್ಕವೂ ಬಾಡಿಗೆದಾರನ ಪರವಾಗಿಯೇ ಇದೆ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಇದ್ದವನನ್ನು ಬಿಡಿಸಿದರೆ ಮನೆ ಒಂದೋ ಎರಡೋ ತಿಂಗಳು ಖಾಲಿ ಬೀಳುತ್ತದೆ. ಸುಣ್ಣ ಬಣ್ಣ ಹೊಡೆಸಬೇಕು, ಅಡ್ವಾನ್ಸ್ ತಿರುಗಿಸಬೇಕು, ಹೊಸಬ ಹೇಗಿರುತ್ತಾನೋ ಅನ್ನುವ ಆತಂಕ ಬೇರೆ. ಹತ್ತು ತಿಂಗಳು ಸರಿಯಾಗಿ ಕೊಟ್ಟು ಎರಡು ತಿಂಗಳು ತಡ ಮಾಡುವ ಪರಿಚಿತ ಬಾಡಿಗೆದಾರ, ಎರಡು ತಿಂಗಳು ಖಾಲಿ ಬಿದ್ದ ಮನೆಗಿಂತ ಲಾಭ. ಈ ಮಾತನ್ನು ಮಾಲೀಕನಿಗೆ ಹೇಳಲು ಧೈರ್ಯ ಬೇಕು, ಅದಕ್ಕಿಂತ ಹೆಚ್ಚಾಗಿ ಹೊತ್ತು ಗೊತ್ತು ಬೇಕು. ಮೂರು ತಿಂಗಳು ಕಣ್ಣು ತಪ್ಪಿಸಿ ಓಡಾಡಿ, ಮಾಲೀಕ ಬಂದಾಗ ‘ಅವರು ಊರಲ್ಲಿಲ್ಲ’ ಎಂದು ಮಕ್ಕಳ ಬಾಯಲ್ಲಿ ಹೇಳಿಸಿ, ನಾಲ್ಕನೇ ತಿಂಗಳು ಕಷ್ಟ ಹೇಳಿಕೊಂಡರೆ ಯಾರೂ ನಂಬುವುದಿಲ್ಲ. ಕಟ್ಟಲಾಗುವುದಿಲ್ಲ ಎಂದು ಗೊತ್ತಾದ ದಿನವೇ ಹೋಗಿ ಹೇಳಬೇಕು. ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಮೂರು ಸಾವಿರದಲ್ಲಿ ಸಾವಿರ ಕೊಟ್ಟರೂ ಬಾಕಿಯ ಸ್ವರೂಪವೇ ಬದಲಾಗುತ್ತದೆ. ಕೊಡದವನು ಎನ್ನಿಸಿಕೊಳ್ಳುವುದು ಬೇರೆ, ಕಡಿಮೆ ಕೊಟ್ಟವನು ಎನ್ನಿಸಿಕೊಳ್ಳುವುದು ಬೇರೆ.

‘ಅಡ್ವಾನ್ಸಲ್ಲಿ ಮುರ್ಕೊಳಿ’ ಅನ್ನುವುದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಮನೆ ಬಿಡುವುದು ಖಚಿತವಾದಾಗ ಅದು ಸರಿಯಾದ ದಾರಿ. ಅದೇ ಮನೆಯಲ್ಲಿ ಮುಂದುವರಿಯುವವರು ಮಾತ್ರ ಇದನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಬೇಕು. ಅಡ್ವಾನ್ಸ್ ಕರಗಿದರೆ ಬೇರೆ ಮನೆಗೆ ಹೋಗುವ ಬಂಡವಾಳವೂ ಕರಗಿದಂತೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಎನ್ನುತ್ತದೆ. ಬಡವರಿಗೆ ತಿಂಗಳ ಬಾಡಿಗೆಗಿಂತ ಈ ಅಡ್ವಾನ್ಸೇ ಎತ್ತರದ ಗೋಡೆ. ಹಾಗೆಯೇ ಭೋಗ್ಯ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು ಬಾಡಿಗೆ ಕಾಟದಿಂದ ಮುಕ್ತಿ ಎಂದು ಬಹಳ ಜನ ಒಡವೆ ಅಡವಿಟ್ಟು ಹೋಗುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸದೆ, ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ನೋಡದೆ ದುಡ್ಡು ಕೊಟ್ಟರೆ, ಮನೆ ಹರಾಜಿಗೆ ಬಂದ ದಿನ ಬಾಡಿಗೆ ಬಾಕಿಗಿಂತ ದೊಡ್ಡ ಗಂಡಾಂತರ ಕಾದಿರುತ್ತದೆ.

ಅಗ್ಗದ ಮನೆಗೆ ಹೋಗಿ ಅನ್ನುವ ಸಲಹೆಯೂ ಇದೆ. ಹಳ್ಳಿಗೆ ಮರಳಿ ಅಲ್ಲಿಂದ ಓಡಾಡುವುದು ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ, ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸೂ ಇದೆ. ಆದರೆ ಶಿವಮೊಗ್ಗ, ಹೊನ್ನಾಳಿ, ಚನ್ನಗಿರಿ ಸೀಮೆಯಲ್ಲಿ ಖಾಸಗಿ ಬಸ್ಸುಗಳನ್ನೇ ನಂಬಿದ ಹಳ್ಳಿಗಳು ಬಹಳ. ಖಾಸಗಿ ಬಸ್ಸಿನಲ್ಲಿ ಶಕ್ತಿ ಇಲ್ಲ, ಟಿಕೆಟ್ಟೇ. ಬಾಡಿಗೆಯಲ್ಲಿ ಉಳಿಸಿದ್ದು ಬಸ್ ಚಾರ್ಜಿಗೆ ಹೋದರೆ ಏನು ಬಂತು? ಮಕ್ಕಳ ಓದಿಗಾಗಿಯೇ ಪೇಟೆಯಲ್ಲಿ ಮನೆ ಹಿಡಿದವರಿಗೆ ನಾನು ಹೇಳುವುದು ಬೇರೆ: ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲುಗಳು, ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇವೆ. ಬಾಡಿಗೆ ಮನೆಯ ಅರೆಹೊಟ್ಟೆಗಿಂತ ಅಲ್ಲಿ ಓದುವುದು ಕೀಳಲ್ಲ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಸಿಗುತ್ತದೆ ಅನ್ನುವುದು ಗೊತ್ತಿಲ್ಲದೆ ಇಂದಿಗೂ ಮಾಲೀಕನಿಗೆ ಕರೆಂಟು ಬಿಲ್ಲು ಕಟ್ಟುವವರಿದ್ದಾರೆ. ಐದು ಮನೆಗೆ ಒಂದೇ ಮೀಟರು ಇಟ್ಟ ವಠಾರಗಳಿಗೆ ಮಾತ್ರ ಅದೂ ಸರಿಯಾಗಿ ತಲುಪುವುದಿಲ್ಲ.

ಇಷ್ಟೂ ಮನೆಯ ಮಾತಾಯಿತು. ಜಗಳೂರಿನಲ್ಲಿ ಬಾಡಿಗೆ ಕಟ್ಟಲಾಗದ ಕಷ್ಟದ ನಿಜವಾದ ರೂಪ ಹೊಲದಲ್ಲಿದೆ. ಜಿಲ್ಲೆಯಲ್ಲೇ ಮಳೆ ಕೈಕೊಡುವುದಕ್ಕೆ ಹೆಸರಾದ ತಾಲ್ಲೂಕದು. ಸ್ವಂತ ಎರಡೆಕರೆಯವನು ಇನ್ನೂ ನಾಲ್ಕೆಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ಮೆಕ್ಕೆಜೋಳ ಹಾಕುತ್ತಾನೆ. ಮೊದಲೆಲ್ಲ ಕೋರಿಗೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಪಾಲು, ಬೆಳೆಯದಿದ್ದರೆ ಇಬ್ಬರಿಗೂ ಇಲ್ಲ. ಈಗ ದುಡ್ಡಿನ ಗುತ್ತಿಗೆ ಹೆಚ್ಚು, ಅದೂ ಮುಂಗಾರಿಗೆ ಮೊದಲೇ ಎಣಿಸಿ ಕೊಡಬೇಕು. ಹೊಲದ ಒಡೆಯ ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಇರುತ್ತಾನೆ, ಅವನಿಗೆ ಮಳೆಯ ಗೊಡವೆ ಇಲ್ಲ. ಬಿತ್ತನೆಗೆ ಮುಂಚೆಯೇ ಪೂರ್ತಿ ಅಪಾಯ ಉಳುವವನ ಹೆಗಲಿಗೆ ಬಿದ್ದಾಗಿದೆ.

ಮಳೆ ಹೋಯಿತು ಎಂದುಕೊಳ್ಳಿ. ಕೇಂದ್ರದ ವಿಪತ್ತು ನಿಧಿಯ 2022–26ರ ನಿಯಮದಂತೆ ಖುಷ್ಕಿ ಬೆಳೆ ಹಾನಿಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ಅದು ಜಮೆಯಾಗುವುದು ಪಹಣಿಯಲ್ಲಿ ಹೆಸರಿರುವವನ ಖಾತೆಗೆ. ಬಿತ್ತಿದವನು, ಗೊಬ್ಬರ ಹಾಕಿದವನು, ಗುತ್ತಿಗೆ ಕೊಟ್ಟವನು ಒಬ್ಬ. ಪರಿಹಾರ ಪಡೆಯುವವನು ಇನ್ನೊಬ್ಬ. ಒಳ್ಳೆಯ ಒಡೆಯನಾದರೆ ಅರ್ಧ ಕೊಡುತ್ತಾನೆ. ಬೆಳೆ ಸಾಲ, ಬೆಳೆ ವಿಮೆಯ ಕತೆಯೂ ಇದೇ. ಗೇಣಿದಾರ, ಪಾಲುದಾರ ರೈತರೂ ವಿಮೆಗೆ ಅರ್ಹರು ಎಂದು ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಆದರೆ ಗುತ್ತಿಗೆಗೆ ಹಿಡಿದಿದ್ದೇನೆ ಎಂದು ತೋರಿಸುವ ಕಾಗದ ಎಲ್ಲಿಂದ ತರಬೇಕು?

ಕಾಗದ ಇಲ್ಲದಿರುವುದಕ್ಕೆ ಒಂದು ಇತಿಹಾಸವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಚನ್ನಗಿರಿ, ಹೊನ್ನಾಳಿ ಆಗ ಅದೇ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಆ ಹೋರಾಟದ ಕಿಡಿ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ. ಕೊಡುವುದಿಲ್ಲ ಎಂದು ಅವರು ಹೇಳಲಿಲ್ಲ, ಸರಿಯಾಗಿ ಅಳೆಯಿರಿ ಎಂದರು. ಆ ಬೇಡಿಕೆಯ ಹಿಂದಿದ್ದ, ಉಳುವ ನೆಲ ಯಾರದೆಂಬ ದೊಡ್ಡ ಪ್ರಶ್ನೆಗೆ ಉತ್ತರ ಬರಲು ಎರಡು ದಶಕ ಬೇಕಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂ ಸುಧಾರಣಾ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿ ಉಳುವವನನ್ನು ಹೊಲದೊಡೆಯನನ್ನಾಗಿಸಿತು. ಲಕ್ಷಗಟ್ಟಲೆ ಕುಟುಂಬಗಳು ಏಳನೇ ನಂಬರಿನ ಅರ್ಜಿ ಹಾಕಿ ನೆಲ ಪಡೆದವು. ಕರ್ನಾಟಕ ಹೆಮ್ಮೆ ಪಡಬೇಕಾದ ಕಾನೂನು, ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಆದರೆ ಅದು ಉಳಿಸಿಹೋದ ಭಯವೊಂದು ಐವತ್ತು ವರ್ಷವಾದರೂ ಹೋಗಿಲ್ಲ. ಕಾಗದ ಮಾಡಿಕೊಟ್ಟರೆ ಆಸ್ತಿ ಹೋಗುತ್ತದೆ ಅನ್ನುವ ಭಯ. ಕೃಷಿ ಜಮೀನು ಗುತ್ತಿಗೆಗೆ ಕೊಡುವುದನ್ನು ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ನಿಷೇಧಿಸಿದೆ. ನಿಷೇಧವಿದ್ದರೂ ಗುತ್ತಿಗೆ ಎಲ್ಲ ಊರಲ್ಲೂ ನಡೆಯುತ್ತದೆ, ಬಾಯಿಮಾತಿನಲ್ಲಿ. 2020ರಲ್ಲಿ ಇದೇ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟರು. ಬೆಂಗಳೂರಿನ ಉದ್ಯಮಿ ಜಗಳೂರಿನಲ್ಲಿ ನೂರು ಚೀಲ ಜೋಳ ಬೆಳೆಯುವ ಹೊಲ ಕೊಳ್ಳಬಹುದು; ಅದೇ ಹೊಲವನ್ನು ಪಕ್ಕದ ತಾಂಡಾದವನು ಒಂದು ವರ್ಷಕ್ಕೆ ಕಾನೂನುಬದ್ಧವಾಗಿ ಗುತ್ತಿಗೆಗೆ ಹಿಡಿಯುವಂತಿಲ್ಲ. ಇದಕ್ಕಿಂತ ವಿಚಿತ್ರ ನ್ಯಾಯ ಬೇಕೇ? ನೆರೆಯ ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು 11 ತಿಂಗಳ ಕರಾರು ಪತ್ರಕ್ಕೆ ಅವಕಾಶ ಕೊಟ್ಟಿತು. ಒಡೆತನಕ್ಕೆ ಧಕ್ಕೆಯಿಲ್ಲ, ಸಾಲ, ವಿಮೆ, ಪರಿಹಾರಕ್ಕಷ್ಟೇ ಅದು ಆಧಾರ. ಒಡೆಯನ ಸಹಿ ಬೇಕೆಂಬ ಷರತ್ತಿನಿಂದ ಅಲ್ಲೂ ಅದು ಕುಂಟಿತು. ನೀತಿ ಆಯೋಗ 2016ರಲ್ಲೇ ಮಾದರಿ ಗುತ್ತಿಗೆ ಕಾಯ್ದೆ ರೂಪಿಸಿ ಕಳಿಸಿದೆ. ಕರ್ನಾಟಕಕ್ಕೆ ಬೇಕಾದ್ದು ಒಡೆಯನ ಭಯ ಕಳೆಯುವ, ಮುಂಗಡ ಗುತ್ತಿಗೆಗೆ ಮಿತಿ ಹಾಕುವ, ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಗುತ್ತಿಗೆ ತಾನಾಗಿ ಅರ್ಧಕ್ಕಿಳಿಯುವ ಕಾನೂನು. ನಮ್ಮ ಹಳೆಯ ಕೋರಿನಲ್ಲಿ ಈ ವಿವೇಕ ಇತ್ತು, ಮಳೆ ಹೋದ ವರ್ಷ ಒಡೆಯನ ಕಣಜಕ್ಕೂ ಕಾಳು ಬರುತ್ತಿರಲಿಲ್ಲ.

ಹೊಲದ ಭಯವೇ ಮನೆಗೂ ಹಬ್ಬಿದೆ. ‘ಬಾಡಿಗೆದಾರ ಮನೆ ನುಂಗುತ್ತಾನೆ’ ಎಂದು ಹೆದರಿ ಕರಾರು ಬರೆಯದ, ರಸೀದಿ ಕೊಡದ ಮಾಲೀಕರು ನಮ್ಮಲ್ಲಿ ಬೇಕಾದಷ್ಟು. ಸತ್ಯ ತಿರುವುಮುರುವಾಗಿದೆ. ಕರಾರಿಗೆ ಸಹಿ ಹಾಕಿ ಬಾಡಿಗೆದಾರನಾಗಿ ಮನೆ ಹೊಕ್ಕವನು ಆಮೇಲೆ ಮಾಲೀಕನ ಒಡೆತನವನ್ನೇ ಅಲ್ಲಗಳೆಯುವುದಕ್ಕೆ ಸಾಕ್ಷ್ಯ ಕಾಯ್ದೆ ಬಿಡುವುದಿಲ್ಲ. ಅಂದರೆ ಬಾಡಿಗೆ ಪತ್ರ ಮಾಲೀಕನಿಗೇ ಮೊದಲ ರಕ್ಷಣೆ. ಎಷ್ಟೋ ಕಡೆ 11 ತಿಂಗಳ ಪತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಮಾದರಿಯಿಂದ ತೆಗೆಸುತ್ತಾರೆ. ಹೆಸರು, ವಿಳಾಸ, ಮೊತ್ತ ಬದಲಿಸಿದರೆ ಮುಗಿಯಿತು, ಯಾರೂ ಓದುವುದಿಲ್ಲ. ಆ ಪತ್ರಕ್ಕೆ ಇನ್ನೆರಡು ಸಾಲು ಸೇರಿಸುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಪತ್ರವನ್ನು ಒಂದು ವರ್ಷಕ್ಕೆ ಮಾಡಿಸಿ, ಒಟ್ಟು ಬಾಡಿಗೆ 36,000 ಎಂದು ಒಪ್ಪಿ, ಅಡಿಕೆ ಕೆಲಸದವನು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ತಿಂಗಳಿಗೆ 5,000, ಉಳಿದ ಎಂಟು ತಿಂಗಳು 2,000 ಕೊಡುತ್ತಾನೆ ಎಂದು ಬರೆಯಬಹುದು. ಮಾಲೀಕನಿಗೆ ಒಂದು ಪೈಸೆ ನಷ್ಟವಿಲ್ಲ, ಕರಾರು ಸುಗ್ಗಿಗೆ ಸರಿಯಾಗಿ ಶುರುವಾದರೆ ದೊಡ್ಡ ಕಂತುಗಳೇ ಮೊದಲು ಅವನ ಕೈ ಸೇರುತ್ತವೆ. ಬೇಸಿಗೆಯ 2,000ಕ್ಕೆ ಗೃಹಲಕ್ಷ್ಮಿ ದುಡ್ಡು ಬಂದರೆ ಸಾಲುತ್ತದೆ, ಬರುವುದು ತಡವಾದರೂ ಕೈಗಡಕ್ಕೆ ನಿಲುಕುವ ಮೊತ್ತ.

ಒಬ್ಬೊಬ್ಬರೇ ಕೇಳಿದರೆ ಇದು ಸಿಗುವುದು ಕಷ್ಟ, ನಿಜ. ಒಟ್ಟಾಗಿ ಕೇಳಿದರೆ ಮಾತು ಬೇರೆ. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ಬಂದು ತುಂಬಿದರು, ಮಾಲೀಕರು ಬಾಡಿಗೆ ಏರಿಸಿದರು. ಅನೇಕ ಗಂಡಸರು ಯುದ್ಧಕ್ಕೆ ಹೋಗಿದ್ದರು. ಮೇರಿ ಬಾರ್ಬರ್ ಎಂಬ ಗೃಹಿಣಿಯ ನೇತೃತ್ವದಲ್ಲಿ ಹೆಂಗಸರೇ ಓಣಿ ಓಣಿಯಲ್ಲಿ ಸೇರಿ ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ಕೂತರು. ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಬಾಡಿಗೆಗೆ ಮಿತಿ ಹಾಕುವ ಕಾಯ್ದೆ ಮಾಡಬೇಕಾಯಿತು. ನಮ್ಮಲ್ಲಿ ಓಣಿಗೊಂದು ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘ ಇದೆ. ಸಾಲ ತೆಗೆಯುವುದಕ್ಕೆ, ಕಂತು ಕಟ್ಟುವುದಕ್ಕೆ ಒಟ್ಟಾಗಿ ಕೂರುವ ಈ ಹೆಂಗಸರು ಬಾಡಿಗೆಯ ವಿಷಯಕ್ಕೆ ಒಟ್ಟಾಗಿ ಕೂತದ್ದನ್ನು ನಾನಂತೂ ಕಂಡಿಲ್ಲ. ಜಗಳಕ್ಕೆ ಕೂರಬೇಕಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಸಂಘದಲ್ಲೇ ಒಂದು ಬಾಡಿಗೆ ಉಳಿತಾಯ ತೆಗೆದಿಟ್ಟು ಬೇಸಿಗೆಯಲ್ಲಿ ಸದಸ್ಯರಿಗೆ ಕೊಟ್ಟರೆ ವಾರದ ಕಂತಿನ ಏಜೆಂಟ್ ಓಣಿಗೆ ಬರುವ ಅಗತ್ಯವೇ ಇರುವುದಿಲ್ಲ.

ಸರ್ಕಾರದ ಪಾಲೂ ಇದೆ. ವಸತಿ ಎಂದರೆ ನಿವೇಶನ ಹಂಚುವುದು, ಆಶ್ರಯ ಮನೆ ಕಟ್ಟಿಸುವುದು ಎಂದಷ್ಟೇ ನಮ್ಮ ರಾಜಕಾರಣ ತಿಳಿದಿದೆ. ಒಂದು ಸೈಟಿಗಾಗಿ ಬಡವರು ಗ್ರಾಮ ಪಂಚಾಯಿತಿಗೆ, ಪಟ್ಟಣ ಪಂಚಾಯಿತಿಗೆ ಅಲೆಯುತ್ತ ಆಯುಷ್ಯ ಸವೆಸುತ್ತಾರೆ, ಅಷ್ಟು ಕಾಲವೂ ಅವರು ಇರುವುದು ಬಾಡಿಗೆ ಮನೆಯಲ್ಲೇ. 2024ರಲ್ಲಿ ಒಪ್ಪಿಗೆ ಪಡೆದ ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಕೈಗೆಟಕುವ ಬಾಡಿಗೆ ಮನೆಗಳ ಪ್ರತ್ಯೇಕ ವಿಭಾಗವೇ ಇದೆ. ಅದನ್ನು ಬೆಂಗಳೂರು, ಮೈಸೂರಿಗೆ ಬಿಟ್ಟುಕೊಡದೆ ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿಯ ಪುರಸಭೆ, ಪಟ್ಟಣ ಪಂಚಾಯಿತಿಗಳೂ ಕೇಳಬೇಕು. ಗುಳೆ ಹೋಗಿ ಬರುವವರು, ಅಡಿಕೆ ಸುಗ್ಗಿಗೆ ಬಂದು ಶೆಡ್ಡಿನಲ್ಲಿ ಮಲಗುವ ಕುಟುಂಬಗಳು ಮೊದಲು ಅಲ್ಲಿ ಇರಬೇಕು.

ಕಾನೂನು ತಿದ್ದುಪಡಿ ಆಗುವವರೆಗೆ ಕಾಯುವಂತಿಲ್ಲದವರಿಗೆ ಹೇಳುವುದಿಷ್ಟೇ. ಮುಂದಿನ ತಿಂಗಳ ಬಾಡಿಗೆ ಹೊಂದುವುದಿಲ್ಲ ಅನ್ನಿಸಿದರೆ ಇವತ್ತೇ ಮಾಲೀಕರ ಮನೆಗೆ ಹೋಗಿ, ಆದಷ್ಟು ಕೊಟ್ಟು, ಉಳಿದದ್ದನ್ನು ಯಾವ ಸುಗ್ಗಿಗೆ ಕೊಡುತ್ತೀರೆಂದು ಬರೆದುಕೊಡಿ. ಕೊಡುವುದನ್ನು ಫೋನ್‌ಪೇಯಲ್ಲೇ ಕೊಡಿ, ಮಾಲೀಕರು ರಸೀದಿ ಕೊಡದಿದ್ದರೂ ದಾಖಲೆ ಉಳಿಯುತ್ತದೆ. ಬಾಡಿಗೆಗೆಂದು ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೋಗಬೇಡಿ, ಅಡ್ವಾನ್ಸೂ ಹೋಗುತ್ತದೆ, ಊರಲ್ಲಿ ಇನ್ನೊಂದು ಮನೆಯೂ ಸಿಗುವುದಿಲ್ಲ. ಬೀಗ ಹಾಕುತ್ತೇನೆ ಎಂದು ಯಾರಾದರೂ ಹೆದರಿಸಿದರೆ 15100ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ಕರೆಗೆ ದುಡ್ಡಿಲ್ಲ.